ಸರ್ಪಸುತ್ತಿಗೆ ಲಸಿಕೆ: ಹಾಕಿಸಿಕೊಳ್ಳಬೇಕೆ?

ಕಳೆದ ತಿಂಗಳು ಬೀಜಾಡಿಯ ನಿವೃತ್ತ ಮಾಷ್ಟ್ರೊಬ್ಬರು ಕಿಸೆಯಿಂದ ಒಂದು ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹೇಳಿದ ಲಸಿಕೆಯ ಹೆಸರನ್ನು ಅದರಲ್ಲಿ ಬರೆದುಕೊಂಡಿದ್ದರು: ಶಿಂಗ್ರಿಕ್ಸ್. ಮಾಷ್ಟ್ರಿಗೆ 68 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. "ಡಾಕ್ಟ್ರೇ, ಸರ್ಪಸುತ್ತಿಗೂ ಸೂಜಿ ಇತ್ತಂಬ್ರಲೆ, ನಂಗೆ ಬೇಕಾ?" ಎಂದು ಕೇಳಿದರು.

ಅದೇ ದಿನ ಹೊರಗಿನ ಬೆಂಚಿನ ಮೇಲೆ ಅವರದೇ ಊರಿನ ಅಜ್ಜಿಯೊಬ್ಬರು ಕುಳಿತಿದ್ದರು. ಮೀನು ಮಾರಿ ಮಕ್ಕಳನ್ನು ಸಾಕಿದವರು. ಸರ್ಪಸುತ್ತು ಆಗಿ ಎಂಟು ತಿಂಗಳಾಯಿತು. ಗುಳ್ಳೆಗಳು ಒಣಗಿ ಎದೆಯ ಒಂದು ಬದಿಯಲ್ಲಿ ಕಲೆ ಮಾತ್ರ ಉಳಿದಿದೆ, ಉರಿ ಹೋಗಿಲ್ಲ. ರವಿಕೆಯ ಬಟ್ಟೆ ತಾಗಿದರೂ ಕೆಂಡ ಇಟ್ಟ ಹಾಗಾಗುತ್ತದಂತೆ. ನೋವಿಗೆ ಕೊಟ್ಟ ಮಾತ್ರೆ ನುಂಗಿದರೆ ತಲೆ ತಿರುಗುತ್ತದೆ, ಬಿಟ್ಟರೆ ನಿದ್ದೆಯಿಲ್ಲ. ಮಾಷ್ಟ್ರ ಜೊತೆ ಆಡಿದ ಮಾತು ಅವರ ಕಿವಿಗೂ ಬಿದ್ದಿತ್ತು. ಒಳಗೆ ಬಂದವರೇ, "ಸೂಜಿ ಇದ್ದದ್ದು ನಂಗೆ ಮುಂಚೆ ಯಾಕೆ ಹೇಳ್ಲಿಲ್ಲ?" ಎಂದರು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಸರ್ಪಸುತ್ತು ಹೊಸದಾಗಿ ಹೊರಗಿನಿಂದ ಬಂದು ಅಂಟುವ ರೋಗವಲ್ಲ. ಎಂದೋ ಸೀತಾಳೆ ಸಿಡುಬು ಬಂದು ಹೋದವರಲ್ಲಿ ಅದರ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿ ಇಲ್ಲವೇ ಕಾಯಿಲೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಎದ್ದು, ಒಂದು ನರವನ್ನು ಹಿಡಿದು ಚರ್ಮದವರೆಗೆ ಬರುತ್ತದೆ. ಹಾಗಾಗಿಯೇ ಗುಳ್ಳೆಗಳು ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಏಳುತ್ತವೆ. ಸುತ್ತು ಪೂರ್ತಿಯಾಗಿ ತಲೆ ಬಾಲ ಕೂಡಿದರೆ ಸಾವು ಎಂಬ ಹೆದರಿಕೆ ನಮ್ಮ ಕಡೆ ಈಗಲೂ ಇದೆ. ಎಡಬದಿಯ ನರ ಎಡಕ್ಕೆ, ಬಲಬದಿಯದು ಬಲಕ್ಕೆ; ಸುತ್ತು ಸಾಮಾನ್ಯವಾಗಿ ನಡುವಿನ ಗೆರೆ ದಾಟುವುದೇ ಇಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ ಸೀತಾಳೆ ಆಗದ ಮೊಮ್ಮಕ್ಕಳಿಗೆ ಸೀತಾಳೆ ಬರಬಹುದು. ಬಸುರಿಯರೂ ದೂರವಿರುವುದು ಒಳ್ಳೆಯದು.

ನಾಗಬನಕ್ಕೆ ಹೋಗಿ ತನು ಹಾಕಿ ಬರುವುದನ್ನು ನಾನು ಯಾರಿಗೂ ಬೇಡವೆಂದಿಲ್ಲ. ಕೆಮ್ಮಣ್ಣು ಹಚ್ಚುವವರ ಮೇಲೂ ನನಗೆ ಸಿಟ್ಟಿಲ್ಲ. ನನ್ನ ತಕರಾರು ಇರುವುದು ಅಲ್ಲಿ ಕಳೆದುಹೋಗುವ ದಿನಗಳ ಬಗ್ಗೆ. ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಮಾತ್ರೆಗಳನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ಆ ಅಜ್ಜಿ ವೈದ್ಯರ ಬಳಿ ಬಂದದ್ದು ಒಂಬತ್ತನೆಯ ದಿನ. ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಕಂಡರೆ ಕಣ್ಣಿಗೇ ಅಪಾಯವಿರುತ್ತದೆ, ಒಂದು ದಿನವನ್ನೂ ಕಾಯಬಾರದು.

ಹಾಗೆಂದು ಮಾತ್ರೆಯೊಂದಿದ್ದರೆ ಸಾಕು, ಲಸಿಕೆ ಏಕೆ ಎಂದು ಕೇಳಬೇಡಿ. ಮಾತ್ರೆಯಿಂದ ಗುಳ್ಳೆ ಬೇಗ ಒಣಗುತ್ತದೆ, ಮೊದಲ ವಾರಗಳ ನೋವು ತಗ್ಗುತ್ತದೆ. ಗುಳ್ಳೆ ಮಾಯ್ದ ಮೇಲೆ ತಿಂಗಳುಗಟ್ಟಲೆ ಕಾಡುವ ನರದ ನೋವನ್ನು ಅದು ತಡೆಯುತ್ತದೆಂದು ಖಾತ್ರಿ ಕೊಡಲಾಗದು. ಸರ್ಪಸುತ್ತು ಆದ ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗೆ ಈ ನೋವು ಉಳಿಯುತ್ತದೆ. ವಯಸ್ಸು ಏರಿದಷ್ಟೂ ಹೆಚ್ಚು. ಅದನ್ನು ತಡೆಯುವ ನಿಜವಾದ ದಾರಿಯೆಂದರೆ ಸರ್ಪಸುತ್ತೇ ಬರದಂತೆ ನೋಡಿಕೊಳ್ಳುವುದು. ಲಸಿಕೆಯ ಪರವಾಗಿ ಇರುವ ಗಟ್ಟಿಯಾದ ಮಾತು ಇದೇ.

ಮಾಷ್ಟ್ರ ಚೀಟಿಯಲ್ಲಿದ್ದ ಲಸಿಕೆ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2023ರಲ್ಲಿ. 50 ದಾಟಿದವರಿಗೆ, ಮತ್ತು ರೋಗನಿರೋಧಕ ಶಕ್ತಿ ಕುಗ್ಗಿ ಸರ್ಪಸುತ್ತಿನ ಅಪಾಯ ಹೆಚ್ಚಿರುವ 18 ದಾಟಿದವರಿಗೆ ಕೊಡಬಹುದು. ತೋಳಿನ ಸ್ನಾಯುವಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಇದರಲ್ಲಿ ಜೀವಂತ ವೈರಸ್ ಇಲ್ಲ.

2015ರಲ್ಲಿ ಪ್ರಕಟವಾದ, 50 ದಾಟಿದ 15 ಸಾವಿರಕ್ಕೂ ಹೆಚ್ಚು ಮಂದಿಯ ಅಧ್ಯಯನದಲ್ಲಿ ಇದು ಶೇಕಡ 97ರಷ್ಟು ರಕ್ಷಣೆ ನೀಡಿತು. 70 ದಾಟಿದವರಲ್ಲಿ ಶೇಕಡ 90ರ ಆಸುಪಾಸು. ದೊಡ್ಡ ಅಂಕಿ ಹೌದು, ಆದರೆ ಅದನ್ನು ಬಿಡಿಸಿ ನೋಡಬೇಕು. ಲಸಿಕೆ ಹಾಕಿಸಿಕೊಳ್ಳದ 1000 ಮಂದಿಯಲ್ಲಿ ವರ್ಷಕ್ಕೆ ಸರ್ಪಸುತ್ತು ಬಂದದ್ದು ಸುಮಾರು 9 ಮಂದಿಗೆ. ಹಾಕಿಸಿಕೊಂಡವರಲ್ಲಿ ಒಬ್ಬರಿಗೂ ಕಡಿಮೆ. ಅಂದರೆ ಒಂದು ವರ್ಷದ ಮಟ್ಟಿಗೆ ನೋಡಿದರೆ 991 ಮಂದಿಗೆ ಸೂಜಿ ಇಲ್ಲದೆಯೂ ಏನೂ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷದ ಮಟ್ಟಿಗೆ ನೋಡಿದರೆ ಅದೇ ಲೆಕ್ಕ 180 ಮಂದಿಯ ಹತ್ತಿರ ಬರುತ್ತದೆ. ಜಾಹೀರಾತು ಮಾಡುವವರು ಎರಡನೆಯದನ್ನು ಹೇಳುತ್ತಾರೆ, ಬೇಡವೆನ್ನುವವರು ಮೊದಲನೆಯದನ್ನು. ಎರಡೂ ಸುಳ್ಳಲ್ಲ.

ತೊಂದರೆಗಳೂ ಇವೆ. ತೋಳು ನೋವು, ಜ್ವರ, ಮೈಕೈ ನೋವು ಒಂದೆರಡು ದಿನ ಇರುತ್ತವೆ. ಕೆಲವರಿಗೆ ಒಂದು ದಿನದ ಕೆಲಸ ಕೆಡುವಷ್ಟು ಜೋರಾಗಿಯೇ ಬರುತ್ತದೆ. ಗಿಲನ್ ಬಾರೆ ಎಂಬ ನರದ ದೌರ್ಬಲ್ಯ ಬಹಳ ಅಪರೂಪಕ್ಕೆ ಕಾಣಿಸಬಹುದೆಂದು ಅಮೆರಿಕದ ಔಷಧ ಇಲಾಖೆ 2021ರಲ್ಲಿ ಎಚ್ಚರಿಕೆ ಸೇರಿಸಿದೆ. ಈಚೆಗೆ 'ಈ ಸೂಜಿ ಹಾಕಿಸಿದರೆ ಮರೆವಿನ ಕಾಯಿಲೆ ಬರುವುದಿಲ್ಲ' ಎಂದು ಮೊಬೈಲಿನಲ್ಲಿ ಬಂದದ್ದನ್ನು ತೋರಿಸುವವರೂ ಇದ್ದಾರೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಏಳು ವರ್ಷದಲ್ಲಿ ಮರೆವಿನ ಕಾಯಿಲೆ ಐದರಲ್ಲೊಂದು ಪಾಲು ಕಡಿಮೆಯಾದದ್ದು ಕಂಡಿತು, ನಿಜ. ಆದರೆ ಅದು ಹಳೆಯ, ಬೇರೆ ಲಸಿಕೆ. ಅದನ್ನೇ ನಂಬಿ ದುಡ್ಡು ಹಾಕಬೇಡಿ.

ದುಡ್ಡಿನ ಮಾತಿಗೇ ಬರೋಣ. ಒಂದು ಡೋಸಿಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಎರಡಕ್ಕೆ ಇಪ್ಪತ್ತು ಸಾವಿರ, ಗಂಡ ಹೆಂಡತಿ ಇಬ್ಬರಿಗಾದರೆ ನಲವತ್ತು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ. ಒಬ್ಬರ ಎರಡು ಡೋಸಿಗೆ ಹದಿನಾರು ತಿಂಗಳ ಪಿಂಚಣಿಯೂ ಸಾಲದು. ಅಜ್ಜಿಗೆ ನಾನು ಮುಂಚೆಯೇ ಹೇಳಬೇಕಿತ್ತು, ಅದು ನನ್ನ ತಪ್ಪು. ಹೇಳಿದ್ದರೂ ಅವರು ಹಾಕಿಸಿಕೊಳ್ಳಲು ಆಗುತ್ತಿರಲಿಲ್ಲ ಎಂಬುದು ಆ ತಪ್ಪಿಗೆ ಸಮಾಧಾನವಲ್ಲ.

ನನ್ನ ಅಭಿಪ್ರಾಯ ಹೀಗಿದೆ. ಅರವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆ ಪಡೆದವರು, ಸ್ಟೀರಾಯ್ಡ್ ನುಂಗುವವರು ಕೈಯಲ್ಲಿ ಹಣವಿದ್ದರೆ ತಮ್ಮ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಲಿ. ಒಮ್ಮೆ ಸರ್ಪಸುತ್ತು ಆದವರೂ ಗುಣವಾದ ಮೇಲೆ ಹಾಕಿಸಬಹುದು. ಐವತ್ತರ ಗಟ್ಟಿಮುಟ್ಟಾದವರು ಗಡಿಬಿಡಿ ಮಾಡಬೇಕಿಲ್ಲ. ಸಾಲ ಮಾಡಿ, ಅಥವಾ ಸಕ್ಕರೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಉಳಿಸಿದ ಹಣದಲ್ಲಿ ಈ ಸೂಜಿ ಖಂಡಿತ ಬೇಡ. ಅಂಥವರು ಮೂರು ದಿನದ ಲೆಕ್ಕವನ್ನು ನೆನಪಿಟ್ಟರೆ ಸಾಕು.

ಬ್ರಿಟನ್ನಿನಲ್ಲಿ 2013ರಿಂದ ಹಿರಿಯರಿಗೆ ಸರ್ಪಸುತ್ತಿನ ಲಸಿಕೆಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತಿದೆ. ಇಂದಿನ ಬೆಲೆಯಲ್ಲಿ ನಮ್ಮ ಸರ್ಕಾರ ಇದನ್ನು ಕೊಡಲಿ ಎಂದು ನಾನು ಕೇಳುವುದಿಲ್ಲ. ಆ ಹಣಕ್ಕೆ ತಾಲೂಕು ಆಸ್ಪತ್ರೆಗಳಲ್ಲಿ ಬೇರೆ ಕೆಲಸವಿದೆ. ಬೆಲೆ ಇಳಿಸುವ ಕೆಲಸ ಮಾತ್ರ ಆಗಬೇಕು. ಹೆಪಟೈಟಿಸ್ ಬಿ ಲಸಿಕೆಯೂ ಒಂದು ಕಾಲಕ್ಕೆ ಉಳ್ಳವರದೇ ಆಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು ಇಲ್ಲೇ ತಯಾರಿಸಿತು, ಬೆಲೆ ಬಿತ್ತು. ಇಂದು ಅದು ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೂ ಉಚಿತ.

ಮಾಷ್ಟ್ರು ಮೊದಲ ಡೋಸ್ ಹಾಕಿಸಿಕೊಂಡರು. ಮರುದಿನ ಬೆಳಿಗ್ಗೆ ಫೋನು ಬಂತು: ತೋಳು ಎತ್ತಲಾಗುತ್ತಿಲ್ಲ, ಮೈ ಬಿಸಿಯಿದೆ. ಎರಡು ದಿನ ಹಾಗೇ ಇರುತ್ತದೆ ಎಂದೆ. ಇನ್ನೊಂದು ಡೋಸ್ ಬೇಡ ಅಂತ ಕಾಣ್ತದೆ ಎಂದರು. ಒಂದಕ್ಕೇ ನಿಲ್ಲಿಸಿದರೆ ಪೂರ್ತಿ ಫಲ ಸಿಗದು, ಹತ್ತು ಸಾವಿರ ನೀರಿಗೆ ಹಾಕಿದ ಹಾಗಾದೀತು ಎಂದ ಮೇಲೆ ಒಪ್ಪಿದರು. ಅಜ್ಜಿಗೆ ಮಾತ್ರೆಯ ಪ್ರಮಾಣ ಸ್ವಲ್ಪ ಇಳಿಸಿದ್ದೇನೆ. ಈಗ ತಲೆ ತಿರುಗುವುದು ಕಡಿಮೆಯಾಗಿದೆ. ಉರಿ ಹಾಗೇ ಇದೆ.