ಕೌದಿಯ ಕೂಲಿ ಯಾವ ಲೆಕ್ಕಕ್ಕೆ?

ಬೋರನಕಣಿವೆ ಜಲಾಶಯಕ್ಕೆ ಸಮೀಪದ ನಮ್ಮ ಹಳ್ಳಿಯ ಮನೆಯ ಅಟ್ಟವನ್ನು ತೆರವುಗೊಳಿಸುವಾಗ, ಉಂಡೆ ಕೊಬ್ಬರಿಗೆಂದು ಕೂಡಿಟ್ಟ ಕಾಯಿಗಳ ರಾಶಿಯ ಹಿಂದಿನ ಪೆಟ್ಟಿಗೆಯಲ್ಲಿ ಅವ್ವ ಅರ್ಧಕ್ಕೆ ಬಿಟ್ಟುಹೋದ ಕೌದಿಯೊಂದು ಸಿಕ್ಕಿತು. ಹಳೆಯ ಸೀರೆ, ಅಪ್ಪನ ಪಂಚೆ, ನಮ್ಮ ಶಾಲಾ ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ನಾಲ್ಕೂ ಅಂಚಿನಿಂದ ಒಂದು ಗೇಣು ಒಳಕ್ಕೆ ಹೊಲಿದಿದ್ದಳು. ಹೊರಸಾಲಿನ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು. ಒಳಕ್ಕೆ ಬಂದಂತೆ ಉದ್ದವಾಗಿ, ಓರೆಯಾಗಿ ಸಾಗಿತ್ತು. ಆ ದಿನಗಳಲ್ಲಿ ಅವಳ ಕಣ್ಣಿಗೆ ಪೊರೆ ಬರುತ್ತಿತ್ತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಒಡಹುಟ್ಟಿದವರೆಲ್ಲ ಸೇರಿ ಅದನ್ನು ಪೂರ್ಣಗೊಳಿಸಲು ನಿಶ್ಚಯಿಸಿದೆವು. ಪಕ್ಕದ ಊರಿನ ಹಿರಿಯ ಮಹಿಳೆಯೊಬ್ಬರು ಒಪ್ಪಿಕೊಂಡರು. ಓರೆಹೊಲಿಗೆಯನ್ನು ಬಿಚ್ಚಿ ಸರಿಪಡಿಸಲೇ ಎಂದು ಕೇಳಿದರು, ತಂಗಿ ಬೇಡವೆಂದಳು. ಮಧ್ಯಾಹ್ನ ನಾಲ್ಕು ಗಂಟೆಯಂತೆ 40 ದಿನ ಹೊಲಿದು ತಂದುಕೊಟ್ಟಾಗ ಕೂಲಿ ಎಷ್ಟೆಂದು ವಿಚಾರಿಸಿದೆ. "ಬಿಡುವಿನಾಗೆ ಮಾಡಿದ್ದಲ್ವೇ ಸ್ವಾಮಿ, ಸಾವಿರದೈನೂರು ಕೊಡಿ, ಸಾಕು" ಎಂದರು.

ನನಗೆ ಮೊದಲು ಆದದ್ದು ಸಮಾಧಾನವೇ ಎಂಬುದನ್ನು ಮುಚ್ಚಿಡಲಾರೆ. ಆಮೇಲೆ ಅರ್ಥಶಾಸ್ತ್ರ ಓದಿದವನ ಚಾಳಿಯಂತೆ ಲೆಕ್ಕ ಹಾಕಿದೆ. 160 ಗಂಟೆ ಎಂದರೆ ಎಂಟು ಗಂಟೆಯ 20 ದಿನ. ದಿನಕ್ಕೆ 75 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿಯೇ 370 ರೂಪಾಯಿ ಇತ್ತು. ಮಣ್ಣು ಹೊರುವ ಕೆಲಸಕ್ಕೆ ಸಿಗುವ ಕೂಲಿಯ ಕಾಲು ಭಾಗವೂ ಈ ಕೈಗೆಲಸಕ್ಕಿಲ್ಲ, ಏಕೆಂದರೆ ಅದು ‘ಬಿಡುವಿನಲ್ಲಿ’ ಆದದ್ದು.

ಈ ‘ಬಿಡುವು’ ಎಂಬ ಮಾತನ್ನು ಆಕೆಗೆ ಕಲಿಸಿದವರಲ್ಲಿ ನಮ್ಮಂಥ ಅಧಿಕಾರಿಗಳೂ ಇದ್ದೇವೆ. 1991ರ ಜನಗಣತಿಯ ವೇಳೆ ನಾನು ಬೇರೊಂದು ತಾಲ್ಲೂಕಿನಲ್ಲಿ ತಹಶೀಲ್ದಾರ. ಹೊಲದಲ್ಲಿ, ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರನ್ನೂ ಕೆಲಸಗಾರರೆಂದು ಎಣಿಸಬೇಕೆಂಬ ಮಾತನ್ನು ಪ್ರಶ್ನೆಯಲ್ಲಿಯೇ ಸೇರಿಸಿದ್ದ ಗಣತಿ ಅದು. ಗಣತಿದಾರರಿಗೆ ಇದನ್ನು ಒತ್ತಿ ಹೇಳಿದವನು ನಾನು. ಊರಿನ ನಮ್ಮ ಮನೆಯಲ್ಲಿ ಉತ್ತರ ಹೇಳಿದವರು ಅಪ್ಪ. ಎಮ್ಮೆ ಕರೆದು, ತೋಟದಲ್ಲಿ ಕಾಯಿ ಆಯ್ದು, ರಾತ್ರಿ ದೀಪದ ಕೆಳಗೆ ಕೌದಿ ಹೊಲಿಯುತ್ತಿದ್ದ ಅವ್ವ ‘ಗೃಹಕೃತ್ಯ’ಕ್ಕೆ ಸೇರಿಹೋದಳು. ನಾನೂ ಕೇಳಲಿಲ್ಲ.

ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 93 ಎಂಬ ಸಂಕೇತವೊಂದಿದೆ. ಮನೆಗೆಲಸದ ಜೊತೆಗೆ ಸೌದೆ, ಮೇವು ತರುವ, ಮನೆಬಳಕೆಗೆ ಹೊಲಿಯುವ, ನೇಯುವ ಮಂದಿ ಇದರಲ್ಲಿ ಬರುತ್ತಾರೆ. ಇವರು ಕಾರ್ಮಿಕ ಬಲದಿಂದ ಹೊರಗೆ. ವಿಶ್ವಸಂಸ್ಥೆಯ 1993ರ ರಾಷ್ಟ್ರೀಯ ಲೆಕ್ಕಪತ್ರ ಪದ್ಧತಿಯಾದರೋ ಸ್ವಂತ ಬಳಕೆಗೆ ತಯಾರಿಸಿದ ವಸ್ತುವನ್ನು ಉತ್ಪಾದನೆಯೆಂದೇ ಒಪ್ಪುತ್ತದೆ. ಅಡುಗೆ, ಶಿಶುಪಾಲನೆಗಳನ್ನು ಮಾತ್ರ ಹೊರಗಿಡುತ್ತದೆ. ಅಂದರೆ ಒಂದು ಕಡತದ ಪ್ರಕಾರ ಕೌದಿ ಉತ್ಪನ್ನ, ಇನ್ನೊಂದರ ಪ್ರಕಾರ ಅದನ್ನು ಹೊಲಿದವಳು ಕೆಲಸಗಾರಳಲ್ಲ! 2024ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ 289 ನಿಮಿಷ ಕಳೆದರೆ, ಪುರುಷರು ಕಳೆಯುವುದು 88 ನಿಮಿಷ. ಇಷ್ಟು ಅಳೆಯಬಲ್ಲ ಸರ್ಕಾರಕ್ಕೆ 93ರವರ ದುಡಿಮೆಯ ಗಂಟೆ ಮತ್ತು ಮೌಲ್ಯವನ್ನು ಪ್ರತ್ಯೇಕ ಕೋಷ್ಟಕವಾಗಿ ಪ್ರತಿವರ್ಷ ಪ್ರಕಟಿಸುವುದು ಕಷ್ಟವಲ್ಲ.

ಅಮೆರಿಕದಲ್ಲಿ 2022ರಲ್ಲಿ ಆರಂಭವಾದ ‘ಲೂಸ್ ಎಂಡ್ಸ್’ ಎಂಬ ಸಂಸ್ಥೆಯ ಸ್ವಯಂಸೇವಕರು, ತೀರಿಕೊಂಡವರು ಅರ್ಧಕ್ಕೆ ಬಿಟ್ಟ ಹೆಣಿಗೆ, ಹೊಲಿಗೆಗಳನ್ನು ಉಚಿತವಾಗಿ ಮುಗಿಸಿಕೊಡುತ್ತಾರೆ. ಸದ್ಭಾವನೆಯ ಕೆಲಸ. ಅದನ್ನು ಇಲ್ಲಿಗೂ ತರೋಣವೆಂದು ಮಗಳು ಹೇಳಿದಾಗ ನಾನು ಒಪ್ಪಲಿಲ್ಲ. ಹೊಟ್ಟೆ ತುಂಬಿದವರ ಬಿಡುವು ಬೇರೆ. ನಮ್ಮ ತೆಂಗಿನ ಸೀಮೆಯಲ್ಲಿ ಕಾಯಿ ಸುಲಿದು ಬಂದು ಸೂಜಿ ಹಿಡಿಯುವ ಹೆಂಗಸಿನ ಕೈಯಿಂದ ಪುಕ್ಕಟೆ ಹೊಲಿಗೆ ಇದುವರೆಗೆ ಧಾರಾಳವಾಗಿಯೇ ಬಂದಿದೆ.

ನಾನು 7,400 ರೂಪಾಯಿ ಕೊಟ್ಟೆ. ಇದು ದಾನವೆಂದುಕೊಂಡು ಆಕೆ ಸಂಕೋಚಪಟ್ಟರು. ಗಂಟೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಕೂಡಿಸಿ ನೋಡಿ, ದಾರಕ್ಕೆ ತಾವೇ ಹಾಕಿದ್ದ 120 ರೂಪಾಯಿ ಬಿಟ್ಟುಹೋಗಿದೆಯೆಂದರು. ಅದನ್ನೂ ಸೇರಿಸಿದೆ. ತಂಗಿ ಇನ್ನೊಂದು ಕೌದಿಗೆ ಹೇಳಿದ್ದಾಳೆ, ಇದೇ ದರಕ್ಕೆ. ಕೊಬ್ಬರಿ ಕೆಲಸ ಮುಗಿದ ಮೇಲೆ ಶುರುಮಾಡುತ್ತಾರಂತೆ.