ಸೂರಿನ ನೀರಿಗೆ ದಾರಿ ತೋರಿಸಿ

ಮಳೆಗಾಲದಲ್ಲಿ ಕೊಟ್ಟಿಗೆಹಾರದಲ್ಲಿ ಬಸ್ ಇಳಿದವರನ್ನು ಮೊದಲು ಸ್ವಾಗತಿಸುವುದು ಯಾರು? ನೀರುದೋಸೆ ಹೋಟೆಲಿನವರು ಅಂದುಕೊಂಡರೆ ತಪ್ಪು. ಯಾವುದೋ ಅಂಗಡಿಯ ತಗಡಿನ ಮಾಡಿನಿಂದ ನೇರ ನೆತ್ತಿಗೆ ಸುರಿಯುವ ನೀರು! ಕೊಡೆ ಬಿಚ್ಚುವಷ್ಟರಲ್ಲಿ ಅರ್ಧ ಅಂಗಿ ಒದ್ದೆ. ಕಳಸದ ಬಸ್ಸಿಗೆ ಕಾಯುವವರು, ಘಾಟಿ ಇಳಿದು ಮಂಗಳೂರಿಗೆ ಹೋಗುವವರು, ಶಾಲೆ ಮಕ್ಕಳು, ಎಲ್ಲರಿಗೂ ಈ ಅನುಭವ ಆಗಿದೆ. ‘ಮಳೆ ಊರಲ್ವಾ, ಏನ್ ಮಾಡೋಕಾಗುತ್ತೆ’ ಎಂದು ತಲೆ ಒರೆಸಿಕೊಂಡು ಸುಮ್ಮನಾಗುತ್ತೇವೆ.

ಮಳೆ ದೇವರದು, ನಿಜ. ಆದರೆ ಮಾಡು ನಮ್ಮದು. ಮಾಡಿಗೆ ಬಿದ್ದ ನೀರು ಎಲ್ಲಿಗೆ ಹೋಗಬೇಕೆಂದು ತೀರ್ಮಾನ ಮಾಡಬೇಕಾದವರೂ ನಾವೇ. ಈ ಮಾತನ್ನು ಮೃಗಶಿರಾ ಹಿಡಿಯುವ ಮೊದಲೇ ಹೇಳಬೇಕು. ಪುನರ್ವಸು ಮಳೆಯಲ್ಲಿ ಹೇಳಿದರೆ ಕೇಳುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ, ಜಾರುವ ಮಾಡಿಗೆ ಏಣಿ ಇಡುವ ಧೈರ್ಯವೂ ಇರುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ತೋಟದವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ಒಂದು ಸಾವಿರ ಚದರ ಅಡಿಯ ಮಾಡಿನ ಮೇಲೆ ಒಂದೇ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ 157 ಕೊಡ. ಘಾಟಿ ಅಂಚಿನ ಈ ಊರಲ್ಲಿ ದಿನಕ್ಕೆ ನಾಲ್ಕು ಇಂಚು ಹೊಯ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂದರೆ ಒಂದು ಮನೆಯ ಮಾಡಿನಿಂದ ಒಂದು ದಿನಕ್ಕೆ ಆರುನೂರಕ್ಕೂ ಹೆಚ್ಚು ಕೊಡ ನೀರು! ಇಷ್ಟನ್ನೂ ನಾವು ಸುರಿಯುತ್ತಿರುವುದು ಎಲ್ಲಿಗೆ? ಪಕ್ಕದವರ ಗೋಡೆಗೆ, ದಾರಿಗೆ, ಇಲ್ಲವೇ ಮನೆ ಹಿಂದಿನ ಧರೆಗೆ.

ಹಿಂದಿನವರು ಬುದ್ಧಿವಂತರು. ಅಡಿಕೆ ಮರ ಸೀಳಿ, ತಿರುಳು ಕೆತ್ತಿ, ಆ ದಬ್ಬೆಯನ್ನೇ ಸೂರಿಗೆ ಕಟ್ಟುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವುದು, ಹೆಂಚು ಕೈಯಾಡಿಸುವುದು, ದಬ್ಬೆ ಬದಲಾಯಿಸುವುದು ಎಲ್ಲ ಒಂದೇ ಸಾಲಿನ ಕೆಲಸವಾಗಿತ್ತು. ಈಗ ತಗಡಿನ ದೋಣಿ ಬಂತು, ಪಿ.ವಿ.ಸಿ. ಪೈಪು ಬಂತು. ಹಾಕಿಸಿದ ದಿನ ನೋಡಿದ್ದೇ ಕೊನೆ. ಸಿಲ್ವರ್ ಓಕ್ ಎಲೆ, ಪಾಚಿ, ಗಾಳಿಗೆ ಹಾರಿದ ಪ್ಲಾಸ್ಟಿಕ್ ಕವರು ಸೇರಿ ದೋಣಿಯೊಳಗೆ ಗೊಬ್ಬರವಾಗಿ, ಅದರ ಮೇಲೆ ಗಿಡವೂ ಹುಟ್ಟಿರುತ್ತದೆ. ಮಳೆ ಬಿಟ್ಟ ಮೇಲೂ ನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ.

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಒಣಹವೆಯ ಒಂದು ಬೆಳಿಗ್ಗೆ ದೋಣಿಯ ಕಸ ಬಾಚಿ ತೆಗೆಯಿರಿ. ಎರಡು ಮಾಡು ಕೂಡುವ ಮೂಲೆಯನ್ನು ಮರೆಯಬೇಡಿ, ಸೋರುವುದು ಹೆಚ್ಚಾಗಿ ಅಲ್ಲೇ. ಎತ್ತರದ ತುದಿಯಿಂದ ಒಂದು ಬಕೆಟ್ ನೀರು ಹೊಯ್ದು ನೋಡಿ. ನಡುವೆ ನಿಂತರೆ ದೋಣಿ ಜೋತಿದೆ ಎಂದರ್ಥ; ಹತ್ತು ಅಡಿಗೆ ಅರ್ಧ ಅಂಗುಲವಾದರೂ ಇಳಿಜಾರು ಬೇಕು. ಪೈಪಿನ ಬಾಯಿಗೆ ಜಾಲರಿ ಹಾಕಿಸಿ, ಆದರೆ ಆ ಜಾಲರಿಯನ್ನೂ ಆಗಾಗ ಕೆರೆಯಬೇಕು. ತಾರಸಿ ಮನೆಯವರು ನೀರು ಹೋಗುವ ತೂತು ಬಿಡಿಸಿಕೊಳ್ಳಿ. ಏಣಿ ಹಿಡಿಯಲು ಕೆಳಗೊಬ್ಬರಿರಲಿ. ತಗಡಿನ ಹತ್ತಿರ ಕರೆಂಟ್ ತಂತಿ ಇದ್ದರೆ ಲೈನ್‌ಮನ್‌ಗೆ ಹೇಳದೆ ಕೈ ಹಾಕಬೇಡಿ.

ಇನ್ನು ಧರೆಯ ಮಾತು. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಇಳಿದು ಬಂದದ್ದನ್ನು, ಚಾರ್ಮಾಡಿ ರಸ್ತೆ ಬಂದ್ ಆದದ್ದನ್ನು ಯಾರೂ ಮರೆತಿಲ್ಲ. ಅಷ್ಟು ದೊಡ್ಡ ಕುಸಿತವನ್ನು ಯಾರ ಮನೆಯ ದೋಣಿಯೂ ತಡೆಯಲಾರದು. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಮನೆ ಕಟ್ಟಲು ಗುಡ್ಡ ಕಡಿದು ನಾವೇ ನಿಲ್ಲಿಸಿದ ಧರೆಯ ಮಾತು ಬೇರೆ. ಅದರ ನೆತ್ತಿಗೆ ಮೇಲಿನ ಮನೆಯ ಪೈಪು, ಬುಡಕ್ಕೆ ನಮ್ಮ ಸೂರಿನ ನೀರು! ನೀರು ಕುಡಿದ ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ, ಒಂದು ರಾತ್ರಿ ಹಿಂದಿನ ಗೋಡೆಯನ್ನು ತಳ್ಳಿಕೊಂಡು ಅಡುಗೆಮನೆಗೆ ಬರುತ್ತದೆ. ಆದ್ದರಿಂದ ಧರೆಯ ಮೇಲ್ಗಡೆ ನೀರನ್ನು ಅಡ್ಡ ತಿರುಗಿಸುವ ಕಾಲುವೆ ತೆಗೆಯಿರಿ. ಸೂರಿನ ನೀರು ಬೀಳುವಲ್ಲಿ ಚಪ್ಪಡಿ ಹಾಸಿ, ಹಳ್ಳದವರೆಗೆ ದಾರಿ ಮಾಡಿ. ಧರೆಯಲ್ಲಿ ಬಿರುಕು ಬಿಟ್ಟರೆ, ಮರ ವಾಲಿದರೆ, ಬುಡದಿಂದ ಕೆಸರು ನೀರು ಒಸರಿದರೆ ಸಾಮಾನಿನ ಆಸೆ ಬಿಟ್ಟು ಮಕ್ಕಳು ಮರಿ ಕರೆದುಕೊಂಡು ಹೊರಗೆ ಬನ್ನಿ.

ತೋಟದ ಮಾಲೀಕರಿಗೂ ಒಂದು ಮಾತು. ಕಾಫಿ ಗಿಡದ ಬುಡದಲ್ಲಿ ನೀರು ನಿಲ್ಲಬಾರದೆಂದು ತೋಟದ ತುಂಬ ಬಸಿಗಾಲುವೆ ತೆಗೆಸುತ್ತೀರಿ. ಕೂಲಿ ಲೈನಿನ ಗೋಡೆಯ ಬುಡಕ್ಕೂ ಅಷ್ಟೇ ಕಾಳಜಿ ಸಲ್ಲಬೇಡವೇ? ಸೂರಿನ ಹನಿ ನೆಲಕ್ಕೆ ಬಡಿದು ಚಿಮ್ಮಿ ಮಣ್ಣಿನ ಗೋಡೆಯನ್ನು ದಿನಾ ಒಂದಿಷ್ಟು ತಿನ್ನುತ್ತದೆ. ಒಳಗೆ ಮಲಗಿರುವುದೂ ಜೀವವೇ.

ನೆರೆಹೊರೆಯ ಜಗಳವಂತೂ ಪ್ರತಿ ಮಳೆಗಾಲದ ನಾಟಕ. ‘ಏನಣ್ಣಾ, ನಿಮ್ಮ ಪೈಪಿನ ನೀರು ನಮ್ಮ ಗೋಡೆಗೆ ಬೀಳ್ತಾ ಇದೆಯಲ್ಲ?’ ‘ಮಳೆಗೆ ಹೋಗಿ ಹೇಳು ಮಾರಾಯ!’ ಅಲ್ಲಿಂದ ಶುರುವಾದದ್ದು ಮೂಡಿಗೆರೆಯ ವಕೀಲರ ಬಾಗಿಲಿಗೆ ಮುಟ್ಟುತ್ತದೆ. ಮೇಲಿನ ಜಮೀನಿನ ನೀರು ಸ್ವಾಭಾವಿಕವಾಗಿ ಹರಿದು ಬಂದರೆ ಕೆಳಗಿನವರು ತಡೆಯಬಾರದು ಎಂದು 1882ರ ಈಸ್‌ಮೆಂಟ್ ಕಾಯಿದೆಯಲ್ಲೇ ಇದೆ. ಆದರೆ ಅದು ತಾನಾಗಿ ಹರಿಯುವ ನೀರಿನ ಮಾತು. ಇಡೀ ಮಾಡಿನ ನೀರನ್ನು ಒಟ್ಟುಮಾಡಿ, ಪೈಪಿನ ಮೂತಿಯನ್ನು ಪಕ್ಕದವರ ಗೋಡೆಗೆ ತಿರುಗಿಸಿ ‘ಸ್ವಾಭಾವಿಕ’ ಎಂದರೆ ಯಾರು ಒಪ್ಪುತ್ತಾರೆ? ಎರಡು ಉದ್ದ ಪೈಪಿನ ಖರ್ಚಿನಲ್ಲಿ ಮುಗಿಯುವುದನ್ನು ವಕೀಲರ ಫೀಸಿನವರೆಗೆ ಎಳೆಯುವುದು ಜಾಣತನವಲ್ಲ.

ಜನರು ತಮ್ಮ ಪಾಲು ಮಾಡಿದರೂ ನೀರು ಕೊನೆಗೆ ಬರುವುದು ಚರಂಡಿಗೆ. ಊರೊಳಗಿನ ಚರಂಡಿ ಗ್ರಾಮ ಪಂಚಾಯ್ತಿಯದು, ಹೆದ್ದಾರಿ ಬದಿಯದು ಹೆದ್ದಾರಿಯವರದು. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿರುವಾಗ ಮೋರಿಯ ಬಾಯಿ ಬಾಟಲಿಗಳಿಂದ ಮುಚ್ಚಿಹೋಗುತ್ತದೆ. ಹೂಳು ತೆಗೆಸುವುದಾದರೆ ಮಳೆಗೆ ಮುಂಚೆ ತೆಗೆಸಿ. ತೆಗೆದ ಹೂಳನ್ನು ಚರಂಡಿ ದಂಡೆಯಲ್ಲೇ ಗುಡ್ಡೆ ಹಾಕಿ ಬಿಲ್ ಮಾಡಿಸಿಕೊಳ್ಳಬೇಡಿ ಸ್ವಾಮೀ, ಮೊದಲ ಮಳೆಗೇ ಅದು ಮತ್ತೆ ಒಳಗೆ ಹೋಗುತ್ತದೆ! ಅಂಗಡಿಯವರೂ ಅಷ್ಟೇ: ಕಸ ಗುಡಿಸಿ ಚರಂಡಿಗೆ ತಳ್ಳಿದರೆ ಜುಲೈನಲ್ಲಿ ಅದೇ ಕಸ ನಿಮ್ಮ ಗಲ್ಲಾಪೆಟ್ಟಿಗೆಯ ಬುಡಕ್ಕೆ ವಾಪಸ್ ಬರುತ್ತದೆ.

ನಮ್ಮ ಈ ಗುಡ್ಡಗಳ ನೀರಿಗೆ ಪ್ರಕೃತಿ ಎರಡು ದಾರಿ ಕೊಟ್ಟಿದೆ. ಮೂಡಣಕ್ಕೆ ಹರಿದದ್ದು ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳಕೊಲ್ಲಿಗೆ. ಪಡುವಣಕ್ಕೆ ಘಾಟಿ ಇಳಿದದ್ದು ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಪಕ್ಕದ ಮನೆಯ ಗೋಡೆ ಎಂಬ ಮೂರನೆಯ ದಾರಿ ಮಾಡಿಕೊಟ್ಟವರು ನಾವು. ಅದನ್ನು ಮುಚ್ಚುವ ಕೆಲಸವೂ ನಮ್ಮದೇ. ಏಣಿ ತೆಗೆಯಿರಿ, ಇನ್ನೂ ಮೋಡ ಕಟ್ಟಿಲ್ಲ.