ಯಂತ್ರ ಇದೆ ಸರಿ, ಓದುವವರು ಯಾರು?

ಆನೆ ಹೊಲಕ್ಕೆ ಯಾಕೆ ಬರುತ್ತೆ? ಈ ಪ್ರಶ್ನೆಗೆ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಎರಡು ಉತ್ತರ ಸದಾ ಸಿದ್ಧ. ಕಾಡಂಚಿನ ರೈತನನ್ನು ಕೇಳಿ: 'ಕಾಡೆಲ್ಲ ಲಂಟಾನ ತುಂಬಿ ಹುಲ್ಲೇ ಇಲ್ಲ ಸ್ವಾಮಿ, ಹೊಟ್ಟೆಗಿಲ್ದೆ ಬರ್ತವೆ' ಅನ್ನುತ್ತಾನೆ. ಜೀಪಿನಲ್ಲಿ ಬಂದ ಸಾಹೇಬರನ್ನು ಕೇಳಿ: 'ಮೇವಿಗೇನೂ ಕೊರತೆಯಿಲ್ಲ, ರಾಗಿ ಕಬ್ಬಿನ ರುಚಿ ಹತ್ತಿದೆ' ಅನ್ನುತ್ತಾರೆ.

ಎರಡರಲ್ಲೂ ನಿಜ ಇರಬಹುದು. ಆದರೆ ಕಂದಕ ತೋಡುವುದೋ, ರೈಲು ಹಳಿಯ ಬೇಲಿ ಹಾಕುವುದೋ, ಲಂಟಾನ ಕಿತ್ತು ಹುಲ್ಲು ಬೆಳೆಸುವುದೋ ಎಂಬ ದೊಡ್ಡ ದುಡ್ಡಿನ ತೀರ್ಮಾನಕ್ಕೆ ಊಹೆ ಸಾಲದು. 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಎಣಿಕೆಯ ಪ್ರಕಾರ ಕರ್ನಾಟಕದಲ್ಲಿರುವ ಆನೆಗಳು 6,013. ತಲೆ ಎಣಿಸಿದ್ದಾಯಿತು. ಹೊಟ್ಟೆಗೆ ಏನು ಹೋಗುತ್ತಿದೆ ಅಂತ ಲೆಕ್ಕ ಇಡುವವರು ಬೇಡವೇ?

ಲೆಕ್ಕ ಇಡುವ ವಿದ್ಯೆಯೊಂದಿದೆ. ಸ್ಥಿರ ಐಸೋಟೋಪ್ ವಿಧಾನ ಅಂತ ಅದರ ಹೆಸರು. ಐಸೋಟೋಪ್ ಅಂದ ಕೂಡಲೇ ಕೈಗಾ, ಅಣುಬಾಂಬು ಅಂತ ಗಾಬರಿ ಬೀಳಬೇಡಿ. ಇದು ವಿಕಿರಣ ಸೂಸುವ ಸರಕಲ್ಲ. ಗಾಳಿಯಲ್ಲಿ, ಮುದ್ದೆಯಲ್ಲಿ, ನಿಮ್ಮ ಉಗುರಿನಲ್ಲಿ ಇರುವ ಇಂಗಾಲದಲ್ಲಿ ನೂರಕ್ಕೆ ಸುಮಾರು 99 ಪಾಲು 12 ತೂಕದ್ದು, ಸುಮಾರು ಒಂದು ಪಾಲು 13 ತೂಕದ್ದು. ಮರ, ಪೊದೆ, ಭತ್ತ, ಬಾಳೆ ಇವು ಗಾಳಿಯ ಇಂಗಾಲ ಹೀರುವ ರೀತಿ ಒಂದು. ನಮ್ಮ ಬಿಸಿಲು ಸೀಮೆಯ ಹುಲ್ಲು, ರಾಗಿ, ಜೋಳ, ಕಬ್ಬು ಹೀರುವ ರೀತಿ ಇನ್ನೊಂದು. ಮೊದಲನೆಯ ಗುಂಪಿನಲ್ಲಿ ಭಾರದ ಇಂಗಾಲ ಕಡಿಮೆ, ಎರಡನೆಯದರಲ್ಲಿ ತುಸು ಹೆಚ್ಚು. ತಿಂದ ಪ್ರಾಣಿಯ ಮೂಳೆಯಲ್ಲಿ, ಕೂದಲಿನಲ್ಲಿ ಆ ಗುರುತು ಕೂತುಬಿಡುತ್ತದೆ.

ಆನೆಯ ಬಾಲದ ಕೂದಲು ತಿಂಗಳಿಗೆ ಹತ್ತಿರ ಹತ್ತಿರ ಒಂದಂಗುಲ ಬೆಳೆಯುತ್ತದೆ. ಅದನ್ನು ತುಂಡು ಮಾಡಿ ಅಳೆದರೆ ಹಿಂದಿನ ತಿಂಗಳುಗಳ ಊಟದ ಡೈರಿ ಕೈಗೆ ಸಿಕ್ಕಂತೆ. ಕೆನ್ಯಾ ದೇಶದ ಸಂಬುರು ಆನೆಗಳ ಮೇಲೆ ಥೂರ್ ಸರ್ಲಿಂಗ್ ಮತ್ತು ಸಂಗಡಿಗರು ಇದನ್ನೇ ಮಾಡಿ, ಜಿಪಿಎಸ್ ಪಟ್ಟಿಯಿಂದ ತಿಳಿದ ಆನೆಯ ಓಡಾಟದ ಜೊತೆ ತಾಳೆ ನೋಡಿ, 2006ರಲ್ಲಿ ಪ್ರಕಟಿಸಿದರು.

ಪರದೇಶದ ವಿದ್ಯೆ ಅಂತ ಮೂಗು ಮುರಿಯುವ ಹಾಗಿಲ್ಲ. 1980ರ ದಶಕದ ಆರಂಭದಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಹಿಂದೆ ಅಲೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್. ದಕ್ಷಿಣ ಭಾರತದ ಆನೆಗಳ ಮೂಳೆಯ ಐಸೋಟೋಪ್ ಲೆಕ್ಕವನ್ನು ಅವರು ಆರ್. ರಮೇಶ್ ಜೊತೆ 1992ರಲ್ಲಿ ಪ್ರಕಟಿಸಿದರು. ಅದರಲ್ಲಿ ಎರಡು ಪಾಠಗಳಿದ್ದವು. ಒಂದು, ಆನೆ ತಿಂದ ಹುಲ್ಲು ಸೊಪ್ಪಿನ ಪ್ರಮಾಣಕ್ಕೂ ಮೂಳೆ ಹೇಳುವ ಲೆಕ್ಕಕ್ಕೂ ತಾಳೆ ಬೀಳಲಿಲ್ಲ. ಸೊಪ್ಪಿನ ಪಾಲು ಹೆಚ್ಚಾಗಿ ಕಂಡಿತು; ಅದರಲ್ಲಿ ಸಸಾರಜನಕ ಹೆಚ್ಚಿರುವುದೇ ಕಾರಣ ಇರಬಹುದೆಂದರು. ಇನ್ನೊಂದು, ದೊಡ್ಡ ಆನೆಗಳ ಅಂಕಿ ಸೊನ್ನೆಗಿಂತ ಕೆಳಗೆ 16ರಿಂದ 20.3ರೊಳಗೆ ನಿಂತರೆ, ಪ್ರಾಯಕ್ಕೆ ಬಾರದವುಗಳ ಅಂಕಿ 10.5ರಿಂದ 22.7ರ ತನಕ ಚೆಲ್ಲಾಡಿತು. ಬೆಳೆಯುವ ಪ್ರಾಣಿಯ ಮೂಳೆಯ ಪದಾರ್ಥ ಬೇಗ ಬೇಗ ಬದಲಾಗುತ್ತದೆ, ಹಳೆಯ ಗುರುತು ಅಳಿಸಿಹೋಗುತ್ತದೆ.

ಅಂದರೇನಾಯಿತು? ಯಂತ್ರ ಸುಳ್ಳು ಹೇಳಲಿಲ್ಲ. ಆದರೆ ಆನೆಯ ವಯಸ್ಸು ಕೇಳದೆ, ಮೇವಿನ ಸತ್ವ ನೋಡದೆ ಅಂಕಿ ಓದುವವನು ತಪ್ಪು ಹೇಳುತ್ತಾನೆ. ನಾನು ಹೇಳಹೊರಟ ಮಾತು ಇಷ್ಟೇ: ಯಂತ್ರ ಕೊಳ್ಳುವುದು ಸುಲಭ, ಓದುವವರನ್ನು ತಯಾರು ಮಾಡುವುದು ಕಷ್ಟ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಜಿಮ್ ಎಹ್ಲರಿಂಜರ್, ಇದೇ ಸರ್ಲಿಂಗ್ ಮುಂತಾದವರು 1996ರಲ್ಲಿ ಬೇಸಿಗೆ ಶಿಬಿರ ಶುರು ಮಾಡಿದ್ದು ಇದಕ್ಕೇ. 'ಐಸೋಕ್ಯಾಂಪ್' ಅಂತ ಅಡ್ಡಹೆಸರು. ನೂರಾರು ಸಂಶೋಧನಾ ವಿದ್ಯಾರ್ಥಿಗಳು ಅಲ್ಲಿ ಪಳಗಿದರು. ಮಾದರಿಯನ್ನು ಒಣಗಿಸಿ ಅರೆಯುವುದು, ಒಂದು ಮಿಲಿಗ್ರಾಂ ಆಸುಪಾಸಿನ ಪುಡಿಯನ್ನು ತವರದ ಪುಟ್ಟ ಬಟ್ಟಲಲ್ಲಿ ತೂಗುವುದು, ಬಂದ ಅಂಕಿಯನ್ನು ಅನುಮಾನಿಸುವುದು, ಇವೆಲ್ಲ ಕೈಯಾರೆ ಮಾಡಿ ಕಲಿಯುವ ಕಸುಬು. ನಮ್ಮಲ್ಲಿ ಕಾರ್ಯಾಗಾರ ಅಂದರೆ ಗೊತ್ತಲ್ಲ: ದೀಪ, ಹಾರ, ಗ್ರೂಪ್ ಫೋಟೋ, ಸರ್ಟಿಫಿಕೇಟು, ಊಟ.

ಬೆಂಗಳೂರಿನಲ್ಲಿ ಯಂತ್ರಕ್ಕೆ ಬರ ಇಲ್ಲ. ವಿಜ್ಞಾನ ಸಂಸ್ಥೆಯಲ್ಲಿದೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿದೆ. ಕಡಿಮೆ ನೀರಿನಲ್ಲಿ ಬೆಳೆ ಕೊಡುವ ಕಡಲೆಕಾಯಿ, ಭತ್ತದ ತಳಿ ಹುಡುಕಲು ಅಲ್ಲಿನವರು ಇದೇ ಇಂಗಾಲದ ಲೆಕ್ಕ ಬಳಸಿದ್ದಾರೆ. ನಮ್ಮ ಸುವರ್ಣ ಗಂಗೋತ್ರಿಯ ಹುಡುಗ ಹುಡುಗಿಯರು ಆ ಬಾಗಿಲು ತಟ್ಟುವ ದಾರಿ ಯಾವುದು? ಆನೆ ಇರುವುದು ಇಲ್ಲಿ, ಯಂತ್ರ ಇರುವುದು ಅಲ್ಲಿ.

ಇಲ್ಲಿಯ ಮಕ್ಕಳೇ ಯಾಕೆ ಬೇಕು ಅಂತೀರಾ? ಕೇಳಿ. ರಾಗಿಯೂ ಕಾಡಿನ ಹುಲ್ಲೂ ಇಂಗಾಲದ ಲೆಕ್ಕದಲ್ಲಿ ಒಂದೇ ಜಾತಿ. ಕೂದಲಿನ ಅಂಕಿ ಏರಿದೆ ಅಂತ 'ಆನೆ ರಾಗಿ ತಿಂದಿದೆ' ಅಂದರೆ ಅದು ಬಂಡೀಪುರದ ಹುಲ್ಲೇ ಇರಬಹುದು! ಸಾರಜನಕದ ಐಸೋಟೋಪನ್ನೂ ನೋಡಬೇಕು. ಕೊಟ್ಟಿಗೆ ಗೊಬ್ಬರ ಹಾಕಿದ ಹೊಲದ ಬೆಳೆಯಲ್ಲಿ ಅದು ಸಾಮಾನ್ಯವಾಗಿ ಏರಿರುತ್ತದೆ, ಯೂರಿಯಾ ಹಾಕಿದ್ದರಲ್ಲಿ ಹಾಗಿರಬೇಕಿಲ್ಲ. ಯಾವ ಹೊಲಕ್ಕೆ ಯಾವ ಗೊಬ್ಬರ, ತೆನೆ ಬಲಿಯುವುದು ಯಾವಾಗ, ಆನೆ ಇಳಿಯುವ ದಾರಿ ಯಾವುದು, ಇದನ್ನೆಲ್ಲ ಹಳ್ಳಿಯಲ್ಲಿ ಹುಟ್ಟಿದ ಮಕ್ಕಳು ಕೇಳದೆಯೇ ಬಲ್ಲರು. ಅವರಿಗೆ ಇಲ್ಲದ್ದು ತರಬೇತಿ ಮಾತ್ರ.

ಆಗಬೇಕಾದ್ದು ಮೂರು. ವರ್ಷಕ್ಕೊಮ್ಮೆ ಎರಡು ವಾರದ ಶಿಬಿರ. ಅರ್ಧ ಸೀಟು ಕಾಡಂಚಿನ ಜಿಲ್ಲೆಗಳ ಕಾಲೇಜುಗಳಿಗೆ. ಪಾಠದ ಜೊತೆಗೆ ಬಸ್ ಚಾರ್ಜು, ವಸತಿ, ಮುಖ್ಯವಾಗಿ ಪ್ರತಿಯೊಬ್ಬರ ಸ್ವಂತ ಮಾದರಿ ಅಳೆಸುವ ಖರ್ಚು. ಇನ್ನು, 1972ರ ವನ್ಯಜೀವಿ ಕಾಯ್ದೆಯಡಿ ಆನೆಯ ಕೂದಲು ಮುಟ್ಟಲೂ ಅಪ್ಪಣೆ ಬೇಕು. ಅದು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಎರಡು ವರ್ಷದ ಫೆಲೋಶಿಪ್‌ನಲ್ಲಿ ಒಂದು ವರ್ಷ ಫೈಲಿನ ಹಿಂದೆ ಹೋದರೆ ಕಲಿತ ವಿದ್ಯೆಗೆ ತುಕ್ಕು ಹಿಡಿಯುತ್ತೆ. ಅಪ್ಪಣೆಗೂ ಒಂದು ಗಡುವು ಇರಲಿ.

'ಮೊದಲು ಬೆಳೆ ಪರಿಹಾರ ಕೊಡಿ, ಆಮೇಲೆ ಕೂದಲು ಎಣಿಸಿ' ಎಂದು ರೈತ ಸಂಘದವರು ಗದರಬಹುದು. ನ್ಯಾಯವಾದ ಮಾತು. ಪರಿಹಾರ ನಿಲ್ಲಿಸಿ ವಿಜ್ಞಾನ ಮಾಡಿ ಅಂತ ಯಾರೂ ಹೇಳುತ್ತಿಲ್ಲ. ಪರಿಹಾರ ಕಳೆದ ವರ್ಷದ ನಷ್ಟಕ್ಕೆ ಔಷಧಿ, ಅಷ್ಟೆ. ಹುಲ್ಲಿಲ್ಲದೆ ಆನೆ ಬರುತ್ತಿದ್ದರೆ ಕಾಡಿಗೆ ದುಡ್ಡು ಹಾಕಬೇಕು. ರುಚಿಗೆ ಬರುತ್ತಿದ್ದರೆ ಬೇಲಿಗೆ ಹಾಕಬೇಕು. ಯಾವುದಕ್ಕೆ ಅಂತ ಗೊತ್ತಾಗುವ ತನಕ ಅದೇ ರೈತ ಮಚಾನಿನ ಮೇಲೆ ತಮಟೆ ಬಡಿಯುತ್ತ ನಿದ್ದೆಗೆಡಬೇಕು.

ಜಿಲ್ಲೆಯ ಶಾಸಕರೂ ವಿಶ್ವವಿದ್ಯಾಲಯದವರೂ ಒಂದು ಸಲ ಕೂತು ಮಾತಾಡಲಿ. ಮುಂದಿನ ರಾಗಿ ತೆನೆ ಬಲಿಯುವ ಹೊತ್ತಿಗೆ ಕೂದಲು ಓದಬಲ್ಲ ಹತ್ತು ಮಂದಿ ನಮ್ಮ ಜಿಲ್ಲೆಯಲ್ಲೇ ಇರಲಿ. ಹೆಚ್ಚಾಯಿತೇ?